ಸೋಮವಾರದ ಸೂಟಿ

ಕುಷ್ಟಗಿಯಲ್ಲಿ ನಮ್ಮ ಮನೆಯ ಎದುರಿಗೆ ಒಂದು ಬೇವಿನ ಮರವಿದೆ. ಸೋಮವಾರ ಬಂದರೆ ಅದರ ನೆರಳಿನಲ್ಲಿ ಮೌಲಾಸಾಬಣ್ಣನ ಕೆಂಪು ಟ್ರ್ಯಾಕ್ಟರು ನಿಂತಿರುತ್ತದೆ. ಉಳಿದ ದಿನ ಬೆಳಗಾಗುತ್ತಲೇ ಗಡಗಡಿಸಿ ಓಣಿಯನ್ನೆಲ್ಲ ಎಬ್ಬಿಸುವ ಅದು, ಆ ದಿನ ಮೈಮೇಲೆ ಬೇವಿನ ಎಲೆ ಉದುರಿಸಿಕೊಂಡು ಸುಮ್ಮನಿರುತ್ತದೆ. ಪಕ್ಕದಲ್ಲೇ ಹೊರಸು ಹಾಕಿಕೊಂಡು, ಮುಖದ ಮೇಲೆ ಟವೆಲ್ ಹೊದ್ದು ಮೌಲಾಸಾಬಣ್ಣನೂ ಮಲಗಿರುತ್ತಾನೆ. ಮೊದಲ ಸಲ ನೋಡಿದಾಗ ಗಾಡಿ ಕೆಟ್ಟಿರಬೇಕು ಅಂದುಕೊಂಡೆ. ಸುಮ್ಮನಿರಲಾರದೆ ಕೇಳಿಯೂಬಿಟ್ಟೆ.

“ಕೆಟ್ಟಿಲ್ರೀ ಟೀಚರ್. ಇವತ್ತ ಸ್ವಾಮಾರಲ್ರೀ, ಹೂಡಂಗಿಲ್ಲ.”

“ಎತ್ತು ಹೂಡಂಗಿಲ್ಲ ಅಂತಾರ, ಖರೆ. ಇದು ಕಬ್ಬಿಣ. ಇದಕ್ಕ್ಯಾತರ ಸ್ವಾಮಾರ?”

ಅವನು ಟವೆಲ್ ಸರಿಸಿ, ಇಷ್ಟೂ ತಿಳಿಯದವಳು ಮೂವತ್ತು ವರ್ಷ ಮಕ್ಕಳಿಗೆ ಏನು ಕಲಿಸಿರಬಹುದು ಎಂಬಂತೆ ನನ್ನನ್ನು ನೋಡಿದ. “ಕಬ್ಬಿಣ ಆದ್ರೇನ್ರೀ, ಎತ್ತಿನ ಕೆಲಸಾನ ಮಾಡತೈತಿ. ಎತ್ತಿನ ಸೂಟಿನೂ ಅದಕ್ಕ ಬರಬೇಕು. ನಮ್ಮ ಅಜ್ಜ ಹಿಂಗ ಮಾಡ್ತಿದ್ದ, ನಮ್ಮಪ್ಪನೂ ಹಿಂಗ.” ಇಷ್ಟು ಹೇಳಿ ಟವೆಲ್ ಮತ್ತೆ ಎಳೆದುಕೊಂಡ. ಶುಕ್ರವಾರ ನಮಾಜಿಗೆ ಅರ್ಧ ದಿನ, ಸೋಮವಾರ ಬಸವಣ್ಣನಿಗೆ ಪೂರ್ತಿ ದಿನ. ಅವನ ಟ್ರ್ಯಾಕ್ಟರಿನಷ್ಟು ಸುಖಿ ಈ ತಾಲೂಕಿನಲ್ಲಿ ಇನ್ನೊಂದಿಲ್ಲ.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಆ ದಿನ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತುವ ಹದ ಮೀರುತ್ತಿರಲಿ, ಮೋಡ ತಲೆಯ ಮೇಲೇ ನಿಂತಿರಲಿ, ಸೋಮವಾರವೆಂದರೆ ಸೋಮವಾರ. ಹಾಗೆ ನೋಡಿದರೆ ಲೋಕದಲ್ಲಿ ಎಲ್ಲರಿಗೂ ಒಂದೊಂದು ವಾರ ಗೊತ್ತಾಗಿದೆ. ಕ್ಷೌರದ ಅಂಗಡಿಗೆ ಮಂಗಳವಾರ. ಸಾಲೆಗೆ ಭಾನುವಾರ. ಬ್ಯಾಂಕಿಗೆ ಎರಡನೆಯ ಶನಿವಾರ, ಅದು ಸಾಲದೆಂದು ನಾಲ್ಕನೆಯದೂ. ಕರೆಂಟಿಗೆ ಇಂಥ ದಿನವೆಂದಿಲ್ಲ, ಮನಸ್ಸು ಬಂದಾಗ ತೆಗೆದುಕೊಳ್ಳುತ್ತದೆ. ನಾನು ಹೋದ ವರ್ಷ ನಿವೃತ್ತಳಾದವಳು. ವಾರದ ಏಳೂ ದಿನ ಸೂಟಿಯಾದ ಮೇಲೆ ಸೂಟಿಯ ರುಚಿಯೇ ಹೊರಟುಹೋಗಿದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮಲಗಿದ ಟ್ರ್ಯಾಕ್ಟರನ್ನು ನೋಡುತ್ತ ಕೂತರೆ ಕಣ್ಣು ತಾವಾಗಿ ಮುಚ್ಚುತ್ತವೆ, ನಾನು ಇರಕಲ್ಲಗಡದ ಹತ್ತಿರದ ನಮ್ಮೂರಿನ ಮನೆಗೆ ಹೋಗಿಬಿಟ್ಟಿರುತ್ತೇನೆ. ಬಸ್ಸು ಕಾಯುವ ತಾಪತ್ರಯವೂ ಇಲ್ಲ.

ಆ ಮನೆಯಲ್ಲಿ ತಲಬಾಗಿಲು ದಾಟಿದ ಕೂಡಲೇ ಎತ್ತುಗಳ ಜಾಗ. ಮೂರು ಮೆಟ್ಟಿಲು ಹತ್ತಿದರೆ ಪಡಸಾಲೆ, ಅಂದರೆ ಮನುಷ್ಯರ ಜಾಗ. ಕೆಳಗೆ ಗೋಡೆಗುಂಟ ಮೇವು ಹಾಕುವ ಗ್ವಾದಲಿ, ಮೇಲೆ ಮಣ್ಣಿನ ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ಮಧ್ಯಾಹ್ನವಾದರೆ ಬೆಳಕಿಂಡಿಯಿಂದ ಬಿಸಿಲು ಕಂಬದ ಹಾಗೆ ಇಳಿದು ನೆಲಕ್ಕೆ ತಾಗುತ್ತಿತ್ತು, ಅದರೊಳಗೆ ಹೊಟ್ಟಿನ ಧೂಳು ನಿಧಾನವಾಗಿ ತಿರುಗುತ್ತಿತ್ತು. ಸೋಮವಾರ ಆ ಬಿಸಿಲಿನ ಆಚೆಗೊಂದು ಈಚೆಗೊಂದು ನಮ್ಮ ಎತ್ತುಗಳು ಮಲಗಿರುತ್ತಿದ್ದವು. ಒಂದರ ಹೆಸರು ಕೆಂದ, ಇನ್ನೊಂದು ಮಾಸ. ಬೆಳಿಗ್ಗೆ ಹಳ್ಳದಲ್ಲಿ ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಬಂದ ಅವು ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿದ್ದವು. ನಾನು ಮೆಟ್ಟಿಲ ಮೇಲೆ ಕೂತು ಅವು ಕನಸು ಕಾಣುವುದನ್ನು ನೋಡುತ್ತಿದ್ದೆ. ಕೆಂದನ ಮುಂಗಾಲು ನಿದ್ದೆಯಲ್ಲಿ ಆಗಾಗ ಅದುರುತ್ತಿತ್ತು. “ಕನಸಿನ್ಯಾಗೂ ನೇಗಿಲ ಎಳ್ಯಾಕತ್ತಾನ ನೋಡು, ಹುಚ್ಚ” ಎಂದು ಅಪ್ಪ ನಗುತ್ತಿದ್ದ. ನೋಡುತ್ತ ನೋಡುತ್ತ ನನಗೂ ತೂಕಡಿಕೆ ಬಂದು ಮೆಟ್ಟಿಲಿನಿಂದ ಉರುಳಿ ಸೆಗಣಿಯಲ್ಲಿ ಬಿದ್ದದ್ದುಂಟು. ಕೆಂದ ಕಣ್ಣು ತೆರೆದು ಒಮ್ಮೆ ನೋಡಿ ಮತ್ತೆ ಮುಚ್ಚಿಕೊಂಡಿತು.

ಎತ್ತಿಗೆ ಸೂಟಿಯೆಂದರೆ ಅಪ್ಪನಿಗೂ ಸೂಟಿ. ಕಟ್ಟೆಗೆ ಹೋಗಿ ಹರಟೆ ಹೊಡೆದು, ಬರುವಾಗ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಿದ್ದ. ಅವರಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಎತ್ತು ಮನೆಯಲ್ಲಿದ್ದರೆ ಸೆಗಣಿ ಹೆಚ್ಚು, ನೀರು ಹೆಚ್ಚು. ಗಂಡಸರು ಮನೆಯಲ್ಲಿದ್ದರೆ ಹೆಚ್ಚಾಗದ್ದು ಯಾವುದೂ ಇಲ್ಲ. ಹೀಗಾಗಿ ಅವ್ವನಿಗೆ ವಾರದಲ್ಲೇ ಹೆಚ್ಚು ಕೆಲಸದ ದಿನ ಸೋಮವಾರ. ಮೇಲೆ ಅವಳದು ಸೋಮವಾರದ ಒಪ್ಪತ್ತು, ಒಂದೇ ಹೊತ್ತು ಊಟ. ಎಲ್ಲ ಮುಗಿಸಿ ಇಳಿಹೊತ್ತಿನಲ್ಲಿ ಒಂದು ಬಟ್ಟಲು ಔಡಲೆಣ್ಣೆ ಬೆಚ್ಚಗೆ ಮಾಡಿಕೊಂಡು ಕೆಳಗಿಳಿಯುತ್ತಿದ್ದಳು. ನೊಗ ಉಜ್ಜಿ ಉಜ್ಜಿ ಎತ್ತುಗಳ ಹೆಗಲು ಬಾತಿರುತ್ತಿತ್ತು. ಮೊದಲು ಬೆರಳಿನಿಂದ ಒತ್ತಿ ನೋವು ಎಲ್ಲಿದೆಯೆಂದು ನೋಡುವಳು, ಆಮೇಲೆ ಅಂಗೈಯಿಂದ ಎಣ್ಣೆ ತಿಕ್ಕುವಳು.

ಒಂದು ದಿನ ಹಾಗೆ ತಿಕ್ಕುತ್ತ ಮಾಸನಿಗೆ ಹೇಳಿದಳು: “ನಿನಗ ಬಾಯಿಲ್ಲ, ಅದಕ್ಕ ಸೂಟಿ ಕೊಟ್ಟಾರ. ನನಗ ಬಾಯಿ ಐತಲ್ಲ, ಕೊಡೂದಿಲ್ಲ.”

ಹೇಳಿ ತಾನೇ ನಕ್ಕಳು. ಮಾಸ ತಲೆಯಾಡಿಸಿತು. ನಾನೂ ನಕ್ಕೆ. ಅದು ತಮಾಷೆ ಎಂದೇ ನಾನು ಎಷ್ಟೋ ವರ್ಷ ತಿಳಿದುಕೊಂಡಿದ್ದೆ.

ಕೆಂದ ಹೋಯಿತು, ಮಾಸ ಹೋಯಿತು, ಅಪ್ಪನೂ ಹೋದ. ತಮ್ಮ ವಿರುಪಣ್ಣ ಬಾಡಿಗೆ ಟ್ರ್ಯಾಕ್ಟರಿನಿಂದ ಹೊಲ ಹೊಡೆಸತೊಡಗಿದ. ಎತ್ತುಗಳ ಜಾಗದಲ್ಲಿ ಗೊಬ್ಬರದ ಚೀಲ, ಮುರಿದ ಸೈಕಲ್ಲು ಬಂದು ಕೂತವು. ಆದರೆ ಎತ್ತಿನ ಸೂಟಿ ಮಾತ್ರ ಮನೆ ಬಿಟ್ಟು ಹೋಗಲಿಲ್ಲ, ಹಾಗೇ ವಿರುಪಣ್ಣನ ಪಾಲಿಗೆ ಬಂತು. ಸೋಮವಾರ ಅವನು ಹೊಲಕ್ಕೆ ಹೋಗುವುದಿಲ್ಲ. ಯಾಕೆಂದು ಯಾರೂ ಕೇಳಿಲ್ಲ, ಅವನೂ ಯೋಚಿಸಿಲ್ಲ.

ಐದು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ನಿಂತವು. ಮಾತು ಪೂರ್ತಿ ಹೋಗಲಿಲ್ಲ, ಆದರೆ ಒಂದೊಂದು ಶಬ್ದವನ್ನೂ ಆಳದ ಬಾವಿಯಿಂದ ಕೊಡ ಸೇದಿದ ಹಾಗೆ ಸೇದಬೇಕು. ಪಡಸಾಲೆಯ ಹೊರಸಿಗೆ ಬಿದ್ದ ಅವ್ವನ ಎಲ್ಲ ಕೆಲಸ ವಿರುಪಣ್ಣನ ಹೆಂಡತಿ ಪಾರವ್ವನ ಹೆಗಲಿಗೆ ಬಂತು. ಬೆನ್ನು ಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಮೈ ಒರೆಸುವುದು, ಬಟ್ಟೆ ಬದಲಿಸಿ ಒಗೆಯುವುದು, ತುತ್ತು ಮೆತ್ತಗೆ ಮಾಡಿ ಬಾಯಿಗೆ ಹಾಕುವುದು. ಇದರ ನಡುವೆ ರೊಟ್ಟಿ ಬಡಿಯುವುದು, ನೀರು ಹಿಡಿಯುವುದು, ಸಾಲೆಗೆ ಹೋಗುವ ಎರಡು ಮಕ್ಕಳು. ಪಾರವ್ವ ಯಲಬುರ್ಗಾ ಕಡೆಯ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ನಕ್ಕರೆ ಓಣಿಯ ತುದಿಗೆ ಕೇಳುತ್ತಿತ್ತು. ಅವ್ವ ಅದಕ್ಕಾಗಿ ಬೈಯುತ್ತಿದ್ದಳು. ಆ ನಗು ಯಾವಾಗಲೋ ನಿಂತಿತು. ಬೋರಿನ ನೀರು ನಿಂತರೆ ಮರುದಿನವೇ ಊರಿಗೆಲ್ಲ ಗೊತ್ತಾಗುತ್ತದೆ, ಇದು ಯಾರಿಗೂ ಗೊತ್ತಾಗಲಿಲ್ಲ.

ನಾನು ಭಾನುವಾರದ ಮಗಳಾಗಿದ್ದೆ. ದಾಳಿಂಬೆಯ ಚೀಲ ಹಿಡಿದು ಹತ್ತು ಗಂಟೆಯ ಬಸ್ಸಿಗೆ ಇಳಿಯುತ್ತಿದ್ದೆ. ಅವ್ವನ ಹತ್ತಿರ ಅರ್ಧ ತಾಸು ಕೂತು, ಕೈ ಹಿಡಿದು, ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದೆ. ಆಮೇಲೆ ಒಳಗೆ ಹೋಗಿ ಪಾರವ್ವನಿಗೆ, “ನೀ ಸ್ವಲ್ಪ ರೆಸ್ಟ್ ತಗೋಬೇಕವ್ವ” ಎನ್ನುತ್ತಿದ್ದೆ. ಅಷ್ಟು ಹೊತ್ತಿಗೆ ಅವಳು ನನಗಾಗಿ ಚಹಾ ಸೋಸುತ್ತಿರುತ್ತಿದ್ದಳು, ನಾನು ಬಂದೆನೆಂದು ಒಂದು ಕಡೆ ಹೋಳಿಗೆಯ ಹೂರಣ ಬೇಯುತ್ತಿರುತ್ತಿತ್ತು. ನಾನೇ ಅವಳ ಎಂಟನೆಯ ಕೆಲಸ ಎಂದು ನನಗೆ ಹೊಳೆದಿರಲಿಲ್ಲ. ಎಂಟು ತಾಸಿನ ದುಡಿಮೆಯ ಹೋರಾಟವನ್ನು ಮಕ್ಕಳ ಮುಂದೆ ಬೋರ್ಡು ತುಂಬ ಬರೆದವಳು ನಾನು. ಹೋಳಿಗೆಯನ್ನು ಮಾತ್ರ ಎರಡೆರಡು ಹಾಕಿಸಿಕೊಂಡು ತಿಂದೆ.

ಮೂರು ವರ್ಷದ ಹಿಂದೆ ಪಾರವ್ವ ಸಣ್ಣ ಸಣ್ಣ ತಪ್ಪು ಮಾಡತೊಡಗಿದಳು. ನಳದ ಕೆಳಗೆ ಕೊಡವಿಟ್ಟು, ಅದು ತುಂಬಿ ಹರಿದು ಅಂಗಳವೆಲ್ಲ ಕೆಸರಾದರೂ ನೋಡುತ್ತ ನಿಂತಳು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅವ್ವ ಕರೆಯದಿದ್ದರೂ “ಬಂದೆ ಅತ್ಯಾರ” ಎಂದು ಓಡಿದಳು. ಎದೆ ಡವಡವ ಅನ್ನುತ್ತದೆ ಎಂದಳು. ಒಂದು ಭಾನುವಾರ ನನ್ನೆದುರಿಗೇ ಹಂಚಿನ ಮೇಲೆ ಹಾಕುವಾಗ ಒಂದು ರೊಟ್ಟಿ ಹರಿಯಿತು. ಅದಕ್ಕೆ ಅವಳು ಒಲೆಯ ಮುಂದೆ ಕೂತು ಅತ್ತ ರೀತಿ ನೋಡಿ ನನಗೆ ಹೆದರಿಕೆಯಾಯಿತು. ನಿದ್ದೆ ಬರುತ್ತದೋ ಇಲ್ಲವೋ ಎಂದು ಕೇಳಿದೆ.

“ಬರತೈತ್ರೀ ಅಕ್ಕಾರ. ನಿದ್ದಿ ಒಳಗೂ ಎದ್ದ ಇರತೀನಿ.”

ಕೊಪ್ಪಳಕ್ಕೆ ಕರೆದುಕೊಂಡು ಹೋದೆವು. ರಕ್ತ, ಮೂತ್ರ, ಇಸಿಜಿ ಎಲ್ಲ ಆಯಿತು. ಡಾಕ್ಟರಮ್ಮ ಕಾಗದಗಳನ್ನು ನೋಡಿ, “ಎಲ್ಲಾ ಛಲೋ ಐತಿ. ಆದ್ರ ಇವರು ಭಾಳ ದಣದಾರ. ಮೈ ಅಷ್ಟ ಅಲ್ಲ, ಮನಸೂ ದಣದೈತಿ. ಹಿಂಗ ಬಿಟ್ರ ಹಾಸಿಗಿ ಹಿಡೀತಾರ. ವಾರಕ್ಕೊಂದು ದಿನಾನರ ಪೂರಾ ಬಿಡುವು ಬೇಕು. ಹದಿನೈದು ದಿನಕ್ಕ ಮತ್ತ ಕರಕೊಂಡು ಬರ್ರಿ, ಮಾತಾಡೂಣು” ಎಂದರು. ಆರು ಮಾತಿನಲ್ಲಿ ವಿರುಪಣ್ಣನಿಗೆ ಕೇಳಿಸಿದ್ದು ಮೊದಲನೆಯದು ಮಾತ್ರ. ಸುಳ್ಳು ಯಾಕೆ ಹೇಳಲಿ, ನನಗೂ ಅಷ್ಟೇ ಸಾಕಾಗಿತ್ತು. ತಿರುಗಿ ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡಿದ್ದ ಪಾರವ್ವ ಮೆಲ್ಲಗೆ ಹೇಳಿದಳು:

“ಏನರ ಒಂದು ಹೆಸರಿನ ಜಡ್ಡು ಬಂದಿದ್ರ ಛಲೋ ಇತ್ರೀ ಅಕ್ಕಾರ. ಮಲಗಾಕ ಒಂದು ಕಾರಣ ಆಗತಿತ್ತು.”

ಮನೆಗೆ ಬಂದು ವಿರುಪಣ್ಣ ಅವ್ವನ ಹೊರಸಿನ ಹತ್ತಿರ ನಿಂತು, ಓಣಿಗೆಲ್ಲ ಕೇಳುವಂತೆ, “ಏನೂ ಇಲ್ಲವ್ವ, ರಿಪೋರ್ಟ್ ಛಲೋ ಬಂದಾವು” ಎಂದ. ನಾನು ನಗುತ್ತ ಸೇರಿಸಿದೆ: “ವಾರಕ್ಕೊಂದು ದಿನ ಸೂಟಿ ಕೊಡಬೇಕಂತ ನಿನ್ನ ಸೊಸಿಗೆ.” ಎಲ್ಲರೂ ನಕ್ಕೆವು. ಪಾರವ್ವ ನಗುತ್ತಲೇ ಚಹಾಕ್ಕೆ ನೀರಿಟ್ಟಳು. ಅವ್ವ ಕಣ್ಣು ಮುಚ್ಚಿದ್ದಳು, ಮಲಗಿದ್ದಾಳೆ ಅಂದುಕೊಂಡೆವು.

ಮುಂದಿನ ಸೋಮವಾರ ಅವ್ವ ಪಾರವ್ವನ ಕೈಯ ತುತ್ತಿಗೆ ಬಾಯಿ ತೆರೆಯಲಿಲ್ಲ. “ಸ್ವಾಮಾರ” ಎಂದು ಒಂದೇ ಮಾತು ಸೇದಿ ಹಾಕಿ ತುಟಿ ಬಿಗಿದುಕೊಂಡಳು. ಮನೆಯವರಿಗೆಲ್ಲ ಭಾಳ ಸಂತೋಷವಾಯಿತು. ಇಂಥ ಸ್ಥಿತಿಯಲ್ಲೂ ಮುದುಕಿಗೆ ತನ್ನ ಸೋಮವಾರದ ಒಪ್ಪತ್ತು ನೆನಪಾಗಿದೆ ಎಂದರೆ ಸಾಮಾನ್ಯವೇ. ಓಣಿಯ ಹೆಂಗಸರು ಬಂದು ನೋಡಿ ಕೈಮುಗಿದು ಹೋದರು. ಪಾರವ್ವ ಒಪ್ಪತ್ತಿಗೆಂದು ಮನೆ ತೊಳೆದಳು, ಮಡಿಯಿಂದ ಸಾಬೂದಾಣಿ ಪಾಯಸ ಕುದಿಸಿದಳು, ಉಳಿದವರಿಗೆ ಬೇರೆ ಅಡುಗೆ ಮಾಡಿದಳು. ಅಂದರೆ ಅವಳ ಕೆಲಸ ಎರಡರಷ್ಟಾಯಿತು. ಅವ್ವ ಪಾಯಸವನ್ನೂ ಮುಟ್ಟಲಿಲ್ಲ. ಮಧ್ಯಾಹ್ನ ವಿರುಪಣ್ಣ ಬಾಳೆಹಣ್ಣು ಸುಲಿದುಕೊಟ್ಟರೆ ತಿಂದಳು. ಅದರ ಮುಂದಿನ ಸೋಮವಾರವೂ ಹೀಗೇ ಆಯಿತು. ಭಕ್ತಿ ಹೆಚ್ಚಾಗುತ್ತಿದೆ ಎಂದು ಎಲ್ಲರೂ ತಿಳಿದರು. ನಾನೂ ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ.

ಮೂರನೆಯ ಸೋಮವಾರ ಬೆಳಿಗ್ಗೆ ವಿರುಪಣ್ಣನ ಫೋನು ಬಂತು. ಅವ್ವ ಎಡಗೈಯಿಂದ ಪಾಯಸದ ಬಟ್ಟಲನ್ನು ತಳ್ಳಿ ಕೆಡವಿದ್ದಾಳೆ, ಪಾರವ್ವನನ್ನು ಹತ್ತಿರವೇ ಬಿಟ್ಟುಕೊಳ್ಳುತ್ತಿಲ್ಲ, ಬಂದರೆ ಕೈ ಬೀಸಿ ಅಟ್ಟುತ್ತಾಳೆ. ಫೋನನ್ನು ಪಾರವ್ವನ ಕೈಗೆ ಕೊಡಲು ಹೇಳಿದೆ. ಆಮೇಲೆ ನಾನು ಅವಳಿಗೆ ಹಾಕಿದ ಪ್ರಶ್ನೆಯನ್ನು ಇವತ್ತಿಗೂ ಮರೆಯಲಾರೆ.

“ಅವ್ವಗ ಏನಂದಿ ನೀ?”

“ಏನೂ ಅಂದಿಲ್ರೀ ಅಕ್ಕಾರ” ಎಂದಳು, ಫೋನು ಬಿತ್ತೋ ಇಟ್ಟಳೋ ತಿಳಿಯಲಿಲ್ಲ.

ಸಾಲೆಗೆ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ಹೋಗುವಷ್ಟರಲ್ಲಿ ಪಾರವ್ವ ಮೆಟ್ಟಿಲ ಮೇಲೆ ಕೂತಿದ್ದಳು, ನಾನು ಎತ್ತುಗಳ ಕನಸು ನೋಡುತ್ತಿದ್ದ ಅದೇ ಮೆಟ್ಟಿಲು. ಮುಖ ಬಾತಿತ್ತು. ನನ್ನನ್ನು ನೋಡಿ ಏಳಲು ಹೋದಳು, ಚಹಾಕ್ಕಿಡಲು. ನಾನು ನೇರ ಅವ್ವನ ಹತ್ತಿರ ಹೋದೆ.

“ಯಾಕವ್ವ, ಒಪ್ಪತ್ತೇನ?”

ಇಲ್ಲವೆಂದು ತಲೆಯಾಡಿಸಿದಳು. “ಸ್ವಾಮಾರ” ಎಂದಳು.

“ಹೌದವ್ವ, ಸ್ವಾಮಾರ. ಅದಕ್ಕ ಉಪವಾಸೇನ?”

ಅವ್ವನ ಕಣ್ಣಲ್ಲಿ ಹಳೆಯ ಸಿಟ್ಟು ಬಂತು, ಲೆಕ್ಕ ತಪ್ಪಿದಾಗ ನನ್ನ ತಲೆಗೆ ಮೊಟಕುತ್ತಿದ್ದ ಸಿಟ್ಟು. ಎಡಗೈ ಎತ್ತಿ ಪಾರವ್ವನನ್ನು ಕರೆದಳು. ಮಗ್ಗುಲು ಬದಲಿಸಬೇಕೇನೋ ಎಂದು ಪಾರವ್ವ ಬಂದು ಬಾಗಿದಳು. ಅವ್ವ ಅವಳ ತುರುಬಿನ ಕೆಳಗೆ ಕೈ ಹಾಕಿ, ಹೆಗಲನ್ನು ಬೆರಳಿನಿಂದ ಒತ್ತಿದಳು. ಇಲ್ಲೊಂದು ಕಡೆ, ಅಲ್ಲೊಂದು ಕಡೆ. ಒಂದು ಕಡೆ ಒತ್ತಿದಾಗ ಪಾರವ್ವ ‘ಸ್’ ಎಂದಳು. ಅವ್ವ ಅಲ್ಲೇ ಕೈ ನಿಲ್ಲಿಸಿ ನಮ್ಮ ಕಡೆ ನೋಡಿದಳು.

“ಎಣ್ಣಿ” ಎಂದಳು.

ಎರಡು ಪದವಿ ಓದಿದ ನನಗೆ ಆಗಲೂ ತಿಳಿಯಲಿಲ್ಲ. ವಿರುಪಣ್ಣನಿಗೆ ತಿಳಿಯಿತು. ಅವನು ಹತ್ತು ವರ್ಷ ಎತ್ತು ಹೂಡಿದವನು. ಗೋಡೆಗೆ ಆನಿಕೊಂಡು ನಿಂತಿದ್ದವನು ಹೊರಸಿನ ಹತ್ತಿರ ಬಂದು ನಿಂತ.

“ಅಕ್ಕ, ಅವ್ವ ಒಪ್ಪತ್ತು ಹಿಡದಿಲ್ಲ” ಎಂದ. “ಪಾರಿಗೆ ಸೂಟಿ ಕೊಟ್ಟಾಳ. ಮೂರು ವಾರದಿಂದ ಕೊಡಾಕತ್ಯಾಳ, ನಾವು ತಗೊಂಡಿಲ್ಲ.”

ಅವ್ವ ಕಣ್ಣು ಮುಚ್ಚಿ, “ಹೂಂ” ಎಂದಳು. ಆಮೇಲೆ ಇನ್ನೊಂದು ಮಾತು ಬಹಳ ಹೊತ್ತು ಸೇದಿದಳು. “ಬಿಡ್ರಿ ಆಕೀನ್ನ.”

ಎಣ್ಣೆ ಬೆಚ್ಚಗೆ ಮಾಡಿದ್ದು ವಿರುಪಣ್ಣ. ಅವ್ವ ಒಂದೇ ಕೈಯಲ್ಲಿ, ಅರ್ಧ ಎಣ್ಣೆ ಕೌದಿಯ ಮೇಲೆ ಚೆಲ್ಲುತ್ತ, ಪಾರವ್ವನ ಹೆಗಲು ತಿಕ್ಕಿದಳು. ಪಾರವ್ವ ಹೊರಸಿನ ಪಕ್ಕ ನೆಲದ ಮೇಲೆ ಕೂತು ತಲೆ ಬಗ್ಗಿಸಿದ್ದಳು. ನಾನು ಒಳಗೆ ಹೋಗಿ, ಕೆಲಸವಿಲ್ಲದಿದ್ದರೂ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ಹಾಕಿದೆ.

ಸೂಟಿಯೇನೋ ಸಿಕ್ಕಿತು, ಅದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಪಾರವ್ವನಿಗೆ ಗೊತ್ತಾಗಲಿಲ್ಲ. ಅಡುಗೆಮನೆಯಲ್ಲಿ ಮಲಗಿದರೆ ಪಾತ್ರೆ ಕಾಣುತ್ತವೆ, ಪಡಸಾಲೆಯಲ್ಲಿ ಮಲಗಿದರೆ ಅವ್ವ ಕಾಣುತ್ತಾಳೆ. ಮಾಳಿಗೆಗೆ ಹೋದರೆ ಒಣಹಾಕಿದ ಮೆಣಸಿನಕಾಯಿ. ಕಡೆಗೆ ವಿರುಪಣ್ಣ ಕೆಳಗಿಳಿದು ಗೊಬ್ಬರದ ಚೀಲ ಸರಿಸಿ, ಕಸ ಹೊಡೆದು, ಎತ್ತುಗಳ ಜಾಗದಲ್ಲಿ ಜಮಖಾನ ಹಾಸಿದ. ಅವಳು ಮುದುಡಿಕೊಂಡು ಮಲಗಿದಳು. ಹತ್ತು ನಿಮಿಷದಲ್ಲಿ ಮೂರು ಸಲ ಎದ್ದು ಕೂತಳು. ನಾಲ್ಕನೆಯ ಸಲ ಏಳಲಿಲ್ಲ.

ಬೆಳಕಿಂಡಿಯಿಂದ ಬಿಸಿಲು ಇಳಿದಿತ್ತು. ನಾನು ಮೆಟ್ಟಿಲ ಮೇಲೆ ಕೂತು ನೋಡಿದೆ. ಅದೇ ಧೂಳು, ಅದೇ ನಿಧಾನ. ನಲವತ್ತೈದು ವರ್ಷ ಎಲ್ಲಿ ಹೋದವು ಎಂದು ತಿಳಿಯದ ಹಾಗೆ ಎಲ್ಲವೂ ಅಲ್ಲಲ್ಲೇ ಇತ್ತು. ಪಾರವ್ವನ ಬಾಯಿ ಸ್ವಲ್ಪ ತೆರೆದಿತ್ತು. ನೋಡುತ್ತಿದ್ದಂತೆ ಅವಳ ಬಲಗೈ ಜಮಖಾನದ ಮೇಲೆ ಮೆಲ್ಲಗೆ ಬಡಿಯತೊಡಗಿತು, ತಿರುಗಿಸಿ ಬಡಿಯಿತು, ಮತ್ತೆ ತಿರುಗಿಸಿ ಬಡಿಯಿತು. ಕನಸಿನಲ್ಲೂ ರೊಟ್ಟಿ ಮಾಡುತ್ತಿದ್ದಳು.

ಒಂದು ಸೋಮವಾರದಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ನೀವು ನಂಬಬಾರದು. ಡಾಕ್ಟರಮ್ಮನ ಹತ್ತಿರ ಆಮೇಲೆ ಆರೇಳು ಸಲ ಹೋಗಬೇಕಾಯಿತು, ಮಾತ್ರೆಯೂ ಇತ್ತು, ಮಾತೂ ಇತ್ತು. ವಿರುಪಣ್ಣ ಅವ್ವನ ಮಗ್ಗುಲು ಬದಲಿಸುವುದನ್ನು ಕಲಿತ, ಬಟ್ಟೆ ಒಗೆಯುವಾಗ ಮೊದಮೊದಲು ತಲಬಾಗಿಲು ಹಾಕಿಕೊಳ್ಳುತ್ತಿದ್ದ, ಈಗ ಹಾಕುವುದಿಲ್ಲ. ನಿವೃತ್ತಳಾದ ಮೇಲೆ ನಾನು ಭಾನುವಾರ ಬಿಟ್ಟು, ಎರಡು ವಾರಕ್ಕೊಮ್ಮೆಯಾದರೂ, ಸೋಮವಾರಕ್ಕೆ ಬಂದೆ, ದಾಳಿಂಬೆ ಬಿಟ್ಟು ಸವುಟು ಹಿಡಿದೆ. ನನ್ನ ರೊಟ್ಟಿಗೆ ಯಾವ ದೇಶದ ನಕಾಶೆಯೂ ಹೊಂದುವುದಿಲ್ಲ. ಹೋದ ತಿಂಗಳು ಅದರಲ್ಲೊಂದನ್ನು ಎತ್ತಿ ಹಿಡಿದು ಪಾರವ್ವ ನಕ್ಕಳು. ಓಣಿಯ ತುದಿಗೆ ಕೇಳಿಸಿತೋ ಏನೋ, ಪಡಸಾಲೆಗಂತೂ ಕೇಳಿಸಿತು. ಅವ್ವ ಬೈಯಲಿಲ್ಲ.

ಆದರೆ ಈ ಬೇವಿನ ನೆರಳು ನೋಡುತ್ತ ಕೂತಾಗ ನನ್ನ ಕಣ್ಣ ಮುಂದೆ ಬರುವುದು ಪಾರವ್ವನಿಗೆ ಸೂಟಿ ಸಿಕ್ಕ ಆ ಮೊದಲ ಸೋಮವಾರದ ಸಂಜೆ.

ಅವ್ವನಿಗೆ ಉಣಿಸುವ ಕೆಲಸ ಆ ದಿನ ನನಗೆ ಬಂದಿತ್ತು. ನಾನು ಮಾಡಿದ ಗಂಜಿ ಗಂಟುಗಂಟಾಗಿತ್ತು. ಚಮಚ ಎಷ್ಟು ಒಳಗೆ ಹೋಗಬೇಕು, ತಲೆ ಎಷ್ಟು ಎತ್ತಬೇಕು, ಒಂದೂ ನನಗೆ ಗೊತ್ತಿರಲಿಲ್ಲ. ಎರಡು ಚಮಚಕ್ಕೆ ಅವ್ವನಿಗೆ ಕೆಮ್ಮು ಬಂದು ಕಣ್ಣಲ್ಲಿ ನೀರು ತುಂಬಿತು. ಸಾಕು ಎಂದು ಕೈ ಮಾಡಿದಳು. ಬಟ್ಟಲನ್ನು ಹೊರಸಿನ ಕಾಲಿನ ಹತ್ತಿರ ಇಟ್ಟೆ. ಇಡುವಾಗ ಚಮಚ ಬಿದ್ದು ಸದ್ದಾಯಿತು. ಅವ್ವ ಕೆಳಗೆ ಮಲಗಿದವಳ ಕಡೆ ನೋಡಿ, ಎತ್ತನ್ನು ನಿಲ್ಲಿಸುವ ಹಾಗೆ, “ಹೋ, ಹೋ” ಎಂದು ನನಗೆ ಮೆಲ್ಲಗೆ ಗದರಿದಳು.

ಇಳಿಹೊತ್ತಿಗೆ ಪಾರವ್ವನಿಗೆ ಎಚ್ಚರವಾಯಿತು. ಗಾಬರಿಯಿಂದ ಎದ್ದು, ಸೆರಗು ಸರಿಮಾಡಿಕೊಳ್ಳುವುದಕ್ಕೂ ಮೊದಲು ಕೇಳಿದಳು.

“ಅತ್ಯಾರ, ಉಂಡ್ರೇನ್ರೀ?”

“ಉಂಡೆ” ಎಂದಳು ಅವ್ವ. ಅಷ್ಟು ಸಲೀಸಾಗಿ, ಒಂದೇ ಸಲಕ್ಕೆ ಅವಳು ಹೇಳಿದ ಮಾತು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ.

ಪಾರವ್ವ ಮೆಟ್ಟಿಲ ಹತ್ತಿರ ಬಂದು ನಿಂತಳು. ಹೊರಸಿನ ಕಾಲಿನ ಹತ್ತಿರ ಬಟ್ಟಲಿತ್ತು, ಗಂಜಿ ಕೆನೆಗಟ್ಟಿ ತುಂಬಿದ ಹಾಗೇ ಇತ್ತು. ಅವಳು ಬಟ್ಟಲು ನೋಡಿದಳು. ಅವ್ವನನ್ನು ನೋಡಿದಳು. ಆ ಬಾಯಿಗೆ ಎಷ್ಟು ಹೋಗಿದೆ, ಎಷ್ಟು ಹೋಗಿಲ್ಲ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳ ಕಾಲು ಮೊದಲನೆಯ ಮೆಟ್ಟಿಲ ಮೇಲೆ ಬಂದಿತ್ತು. ಅವ್ವ ಅವಳನ್ನೇ ನೋಡುತ್ತಿದ್ದಳು.

ಆಮೇಲೆ ಪಾರವ್ವ ಕಾಲು ಹಿಂದಕ್ಕೆ ತೆಗೆದುಕೊಂಡಳು. “ಛಲೋ ಆತು ಅತ್ಯಾರ” ಎಂದು ಹೇಳಿ, ಜಮಖಾನದ ಮೇಲೆ ಹೋಗಿ, ಮುಖದ ಮೇಲೆ ಸೆರಗು ಎಳೆದುಕೊಂಡು ಮತ್ತೆ ಮಲಗಿದಳು.